ಬೀದಿದೀಪ ಹಚ್ಚಿದವರು ಯಾರು?

'ಓದುವ ಮನಸ್ಸಿದ್ದವನಿಗೆ ಬೀದಿದೀಪವೂ ಸಾಕು' ಎಂಬ ಮಾತನ್ನು ಕೇಳದೆ ಬೆಳೆದ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಹಾಸ್ಟೆಲಿನ ಕೋಣೆಯಲ್ಲಿ ಸೆಕೆ ಎಂದು ಮಗ ಗೊಣಗಿದರೆ, ಲೈಬ್ರರಿಯಲ್ಲಿ ಕೂರಲು ಜಾಗವೇ ಸಿಗುವುದಿಲ್ಲ ಎಂದು ಮಗಳು ಹೇಳಿದರೆ, ಮನೆಯ ಹಿರಿಯರ ಬಾಯಿಂದ ಈ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೆ ಈಶ್ವರಚಂದ್ರ ವಿದ್ಯಾಸಾಗರರ ಕಥೆ. ದೀಪದ ಎಣ್ಣೆಗೆ ಕಾಸಿಲ್ಲದ ಬಡ ಹುಡುಗ ಕಲ್ಕತ್ತೆಯ ಬೀದಿದೀಪದ ಕೆಳಗೆ ಕುಳಿತು ಓದಿ ಮಹಾ ವಿದ್ವಾಂಸನಾದ ಕಥೆ. ವಾರಾನ್ನ ಉಂಡು ಓದಿದ ಅಜ್ಜಂದಿರ ನೆನಪೂ ಜೊತೆಗೂಡುತ್ತದೆ. ಅಲ್ಲಿಗೆ ಮಕ್ಕಳ ಬಾಯಿ ಮುಚ್ಚಿತು.

ಕಥೆ ಒಳ್ಳೆಯದೇ. ಆದರೆ ಅದರಿಂದ ನಾವು ತೆಗೆಯುವ ನೀತಿ ಅರ್ಧದ್ದು. ಹುಡುಗನ ಛಲವನ್ನು ಹೊಗಳುವ ಭರದಲ್ಲಿ ದೀಪವನ್ನು ಮರೆತುಬಿಡುತ್ತೇವೆ. ಅದು ತಾನಾಗಿ ಉರಿಯುತ್ತಿರಲಿಲ್ಲವಲ್ಲ! ಯಾರೋ ಕಂಬ ನೆಟ್ಟಿದ್ದರು, ಯಾರೋ ಸಂಜೆ ಬಂದು ಹಚ್ಚಿ ಹೋಗುತ್ತಿದ್ದರು. ಮನೆ ಕೊಡಲಾಗದ ಬೆಳಕನ್ನು ಊರು ಕೊಟ್ಟಿತ್ತು. ವಾರಾನ್ನವೂ ಅಷ್ಟೇ, ಮನೆಯಲ್ಲಿ ಇಲ್ಲದ ಊಟವನ್ನು ಏಳು ಮನೆಗಳು ಹಂಚಿಕೊಂಡು ಬಡಿಸಿದವು. ಛಲ ಹುಡುಗನದು, ನಿಜ. ಆ ಛಲಕ್ಕೆ ಕೂರಲು ಒಂದು ಜಾಗ ಕೊಟ್ಟವರು ಬೇರೆಯವರು.

ಕಾಲೇಜು ಸೇರಿಸುವ ದಿನಗಳಲ್ಲಿ ತಂದೆತಾಯಿಗಳು ಕೇಳುವ ಪ್ರಶ್ನೆಗಳನ್ನು ನೆನಪು ಮಾಡಿಕೊಳ್ಳಿ. ಫಲಿತಾಂಶ ಹೇಗಿದೆ? ಫೀಸು ಎಷ್ಟು? ಕ್ಯಾಂಪಸ್ ಸಂದರ್ಶನಕ್ಕೆ ಯಾವ ಕಂಪನಿಗಳು ಬರುತ್ತವೆ? ಹಾಸ್ಟೆಲಿನ ಊಟ ಚೆನ್ನಾಗಿದೆಯೇ? ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಮಗ ಅಥವಾ ಮಗಳು ಮುಂದಿನ ಮೂರು ನಾಲ್ಕು ವರ್ಷ ದಿನಕ್ಕೆ ಆರೇಳು ಗಂಟೆ ಕೂರಲಿರುವ ಕೋಣೆಯ ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ತಾವೇ ಕುಳಿತು ನೋಡುವ ಪೋಷಕರು ಎಷ್ಟು ಮಂದಿ? ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ಲಕ್ಷಾಂತರ ರೂಪಾಯಿಯ ವಿದ್ಯೆಯನ್ನು ಮುಂಬಾಗಿಲಿನ ಗಾಜು ನೋಡಿ ಕೊಳ್ಳುತ್ತೇವೆ.

ಕೋಣೆಯಿಂದ ಕಲಿಕೆಗೆ ಏನಾದರೂ ವ್ಯತ್ಯಾಸವಾಗುತ್ತದೆಯೇ? ಇದು ಬರೀ ಅನುಕೂಲದ ಮಾತೋ, ಅಂಕಪಟ್ಟಿಗೂ ಮುಟ್ಟುವ ಮಾತೋ? ಈ ಪ್ರಶ್ನೆಯನ್ನು ಅಳೆದು ನೋಡಿದವರಿದ್ದಾರೆ.

ಒಂದೇ ಪಾಠ, ಎರಡು ಕೋಣೆ

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಬ್ಬರೇ ಅಧ್ಯಾಪಕರು, ಒಂದೇ ಪ್ರಾಥಮಿಕ ಜೀವಶಾಸ್ತ್ರ ಪಠ್ಯ, ಒಂದೇ ಪರೀಕ್ಷೆ. ಒಂದು ತಂಡ ಮಾತ್ರ ನಮಗೆಲ್ಲ ಪರಿಚಿತವಾದ ಸಾಲು ಬೆಂಚಿನ ಕೋಣೆಯಲ್ಲಿ ಕುಳಿತಿತು. ಇನ್ನೊಂದು ತಂಡ ಒಂಬತ್ತು ಮಂದಿ ಸುತ್ತ ಕೂರುವ ದುಂಡು ಮೇಜುಗಳ ಕೋಣೆಯಲ್ಲಿ ಕುಳಿತಿತು. ಪ್ರವೇಶ ಪರೀಕ್ಷೆಯ ಅಂಕಗಳನ್ನು ನೋಡಿದರೆ ಬೆಂಚಿನ ತಂಡವೇ ಮುಂದಿತ್ತು. ಅವಧಿಯ ಕೊನೆಗೂ ಅವರೇ ಮುಂದಿರಬೇಕಿತ್ತು. ಆದರೆ ಫಲಿತಾಂಶ ಬಂದಾಗ ಎರಡೂ ತಂಡ ಸರಿಸಮ ನಿಂತಿದ್ದವು. ಅಂದರೆ ದುಂಡು ಮೇಜಿನ ಮಕ್ಕಳು ತಮ್ಮಿಂದ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಕಲಿತಿದ್ದರು.

ಇದಕ್ಕೆ ಕಾರಣವೇನು? ಕೋಣೆ ಬದಲಾದಾಗ ಅಧ್ಯಾಪಕರ ನಡೆಯೂ ಬದಲಾಗುತ್ತದೆ ಎಂಬುದು ಅದೇ ಸಂಶೋಧಕರ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ವೇದಿಕೆ, ಕರಿಹಲಗೆ, ಎದುರಿಗೆ ಸಾಲು ಸಾಲು ತಲೆಗಳಿದ್ದ ಕೋಣೆಯಲ್ಲಿ ಅವರು ಹೆಚ್ಚಾಗಿ ಉಪನ್ಯಾಸ ಮಾಡುತ್ತಿದ್ದರು. ವೇದಿಕೆಯೇ ಇಲ್ಲದ ಕೋಣೆಯಲ್ಲಿ ಮೇಜಿನಿಂದ ಮೇಜಿಗೆ ಓಡಾಡಿ ಮಾತಾಡಿಸುತ್ತಿದ್ದರು, ಚರ್ಚೆಗೆ ಹೆಚ್ಚು ಹೊತ್ತು ಕೊಡುತ್ತಿದ್ದರು. ಕೋಣೆ ತಾನೇ ಪಾಠ ಹೇಳುವುದಿಲ್ಲ, ಆದರೆ ಅಲ್ಲಿ ಯಾವ ಬಗೆಯ ಪಾಠ ಸುಲಭ, ಯಾವುದು ಕಷ್ಟ ಎಂಬುದನ್ನು ನಿರ್ಧರಿಸುತ್ತದೆ.

ಬರೀ ಉಪನ್ಯಾಸಕ್ಕಿಂತ ವಿದ್ಯಾರ್ಥಿಯೂ ಕೈ ಹಾಕುವ ಪಾಠ ಮೇಲು ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ವಿಜ್ಞಾನ, ಗಣಿತ ಮತ್ತು ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಸುಮಾರು ಶೇಕಡ 34 ಮಂದಿ ಫೇಲಾಗಿದ್ದರು. ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಆ ಪ್ರಮಾಣ ಸುಮಾರು ಶೇಕಡ 22.

ಸಂತೋಷವೇ ಬೇರೆ, ಕಲಿಕೆಯೇ ಬೇರೆ

ಇಲ್ಲಿ ಒಂದು ತಿರುವು ಇದೆ. ವಿದ್ಯಾರ್ಥಿಗಳೂ ಪೋಷಕರೂ ಇದನ್ನು ಗಮನವಿಟ್ಟು ಓದಬೇಕು.

ಎಂ.ಐ.ಟಿ. ಎಂದರೆ ಜಗತ್ತಿಗೇ ಗೊತ್ತಿರುವ ತಂತ್ರವಿಜ್ಞಾನ ಸಂಸ್ಥೆ. ಅಲ್ಲಿಯೂ ಮೊದಲ ವರ್ಷದ ಭೌತಶಾಸ್ತ್ರದ ದೊಡ್ಡ ಉಪನ್ಯಾಸಗಳಿಗೆ ಅವಧಿಯ ಕೊನೆಯ ಹೊತ್ತಿಗೆ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. ಹತ್ತರಲ್ಲಿ ಒಬ್ಬರಾದರೂ ಫೇಲಾಗುತ್ತಿದ್ದರು. 2001ರಲ್ಲಿ ಅಲ್ಲಿನ ಕೆಲವು ಪ್ರಾಧ್ಯಾಪಕರು ವಿದ್ಯುತ್ಕಾಂತ ವಿಷಯದ ಪಾಠವನ್ನು ಹೊಸ ಬಗೆಯ ಕೋಣೆಗೆ ಒಯ್ದರು. ಹದಿಮೂರು ದುಂಡು ಮೇಜು, ಒಂದೊಂದರ ಸುತ್ತ ಒಂಬತ್ತು ಮಂದಿ, ನಾಲ್ಕೂ ಗೋಡೆಗೆ ಬರೆಯುವ ಹಲಗೆ. ಹತ್ತು ಹದಿನೈದು ನಿಮಿಷ ಕೇಳುವುದು, ಆಮೇಲೆ ಪ್ರಯೋಗ, ಲೆಕ್ಕ, ಪಕ್ಕದವನೊಡನೆ ವಾದ.

ಮಕ್ಕಳು ಸಂತೋಷಪಟ್ಟರೇ? ಇಲ್ಲ. 2003ರಲ್ಲಿ, ಈ ಪದ್ಧತಿ ಬೇಡ, ಹಳೆಯ ಉಪನ್ಯಾಸವೇ ಇರಲಿ ಎಂದು ವಿದ್ಯಾರ್ಥಿಗಳು ಮನವಿಪತ್ರಕ್ಕೆ ಸಹಿ ಹಾಕಿದರು! ಆದರೆ ಫೇಲಾಗುವವರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಹಾಜರಿ ಏರಿತ್ತು. ಸಂಸ್ಥೆ ಪದ್ಧತಿಯನ್ನು ತಿದ್ದುತ್ತ ಮುಂದುವರಿಸಿತು.

ಹಾರ್ವರ್ಡ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಭೌತಶಾಸ್ತ್ರದ ಒಂದೇ ಪಾಠವನ್ನು ಒಂದು ತಂಡಕ್ಕೆ ನುರಿತ ಅಧ್ಯಾಪಕರ ಸೊಗಸಾದ ಉಪನ್ಯಾಸವಾಗಿ, ಇನ್ನೊಂದಕ್ಕೆ ಗುಂಪಿನಲ್ಲಿ ಬಿಡಿಸುವ ಲೆಕ್ಕಗಳಾಗಿ ಕೊಟ್ಟರು. 'ಎಷ್ಟು ಕಲಿತಿರಿ?' ಎಂದು ಕೇಳಿದಾಗ ಉಪನ್ಯಾಸ ಕೇಳಿದವರು ತಾವೇ ಹೆಚ್ಚು ಕಲಿತೆವೆಂದರು. ಪರೀಕ್ಷೆ ಕೊಟ್ಟಾಗ ಲೆಕ್ಕ ಬಿಡಿಸಿದವರು ಹೆಚ್ಚು ಅಂಕ ತೆಗೆದರು. ನಿರರ್ಗಳವಾಗಿ ಹರಿಯುವ ಉಪನ್ಯಾಸ ಕೇಳುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ. ತಾನೇ ಲೆಕ್ಕಕ್ಕೆ ಕೈ ಹಾಕಿದಾಗ ತಿಣುಕಬೇಕು, ತಪ್ಪಬೇಕು, ಪಕ್ಕದವರ ಮುಂದೆ ದಡ್ಡನಂತೆ ಕಾಣಬೇಕು. ಆ ಕಸಿವಿಸಿಯೇ ಕಲಿಕೆ.

ಆದ್ದರಿಂದ 'ನಮ್ಮ ಕಾಲೇಜು ತುಂಬಾ ಚೆನ್ನಾಗಿದೆ' ಎಂದು ಮಗ ಹೇಳಿದ ಮಾತ್ರಕ್ಕೆ ಅಲ್ಲಿ ಕಲಿಕೆ ನಡೆಯುತ್ತಿದೆ ಎಂದು ತಿಳಿಯಬೇಡಿ. 'ಸುಸ್ತಾಯಿತಮ್ಮ' ಎಂದು ಮಗಳು ಹೇಳಿದ ಮಾತ್ರಕ್ಕೆ ಕಾಲೇಜು ಕೆಟ್ಟದ್ದೂ ಅಲ್ಲ. ಆದರೆ ಸುಸ್ತಿನಲ್ಲಿ ಎರಡು ಬಗೆ. ಮೆದುಳು ದುಡಿದು ಬರುವ ಸುಸ್ತು ಒಂದು; ಕೇಳಿಸದ ಪಾಠ, ಕಾಣಿಸದ ಹಲಗೆ, ಗಾಳಿಯಿಲ್ಲದ ಕೋಣೆಯಿಂದ ಬರುವ ಸುಸ್ತು ಇನ್ನೊಂದು. ಮೊದಲನೆಯದು ಬೇಕು. ಎರಡನೆಯದು ಬರೀ ದಂಡ.

ಇನ್ನೊಂದು ಮಾತು. ದುಂಡು ಮೇಜು ತಂದಿಟ್ಟು ಹಳೆಯ ಉಪನ್ಯಾಸವನ್ನೇ ಮುಂದುವರಿಸಿದರೆ ಅರ್ಧ ವಿದ್ಯಾರ್ಥಿಗಳು ಹಲಗೆಗೆ ಬೆನ್ನು ಹಾಕಿ ಕೂರಬೇಕಾಗುತ್ತದೆ, ಅಷ್ಟೇ. ಹಾಗೆಯೇ ದುಂಡು ಮೇಜು ಇಲ್ಲದೆಯೂ ಜಾಣ ಅಧ್ಯಾಪಕರು ದಾರಿ ಕಂಡುಕೊಳ್ಳಬಲ್ಲರು. ಮುಂದಿನ ಬೆಂಚಿನವರು ಹಿಂದಿರುಗಿ ಕೂತರೆ ನಾಲ್ಕಾರು ಮಂದಿಯ ಗುಂಪು ತಾನಾಗಿ ಆಗುತ್ತದೆ. ಅದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ.

ಗಾಳಿ, ಸೆಕೆ, ತಲೆ

ಆ ಎರಡನೆಯ ಬಗೆಯ ಸುಸ್ತಿಗೇ ಬರೋಣ. ಊಟದ ನಂತರದ ಪಿರಿಯಡ್‌ನಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಅಧ್ಯಾಪಕರು ಸೋಮಾರಿ ಎನ್ನುತ್ತಾರೆ. ಅನ್ನದ ಪ್ರಭಾವ ಇದ್ದೀತು. ಕಿಟಕಿಯ ಪ್ರಭಾವವೂ ಇದ್ದೀತು. ಎಪ್ಪತ್ತು ಎಂಬತ್ತು ಮಂದಿ ಉಸಿರಾಡುವ ಕೋಣೆಯ ಕಿಟಕಿಗಳನ್ನು ರಸ್ತೆಯ ಗಲಾಟೆಗೋ ಪ್ರೊಜೆಕ್ಟರ್ ಬೆಳಕಿಗೋ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 22 ಮಂದಿಯನ್ನು ಒಂದೇ ಕೋಣೆಯಲ್ಲಿ ಮೂರು ಬಾರಿ ಕೂರಿಸಿದರು. ಬಹುಪಾಲು ಕಾಲೇಜು ವಿದ್ಯಾರ್ಥಿಗಳೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಒಮ್ಮೆ 600, ಒಮ್ಮೆ 1000, ಒಮ್ಮೆ 2500 ಪಾಲು. ಯಾವಾಗ ಎಷ್ಟು ಎಂಬುದು ಕುಳಿತವರಿಗೆ ತಿಳಿಯದು. 2500 ಪಾಲಿನಲ್ಲಿ ಯೋಚಿಸಿ ನಿರ್ಧರಿಸುವ ಶಕ್ತಿ ಬಹಳವೇ ಕುಗ್ಗಿತು. ನಂತರದ ಎಲ್ಲ ಪ್ರಯೋಗಗಳೂ ಇಷ್ಟೇ ದೊಡ್ಡ ಪರಿಣಾಮ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಕಿಟಕಿ ತೆರೆಯಲು ಹಣ ಖರ್ಚಾಗುವುದಿಲ್ಲವಲ್ಲ.

ಸೆಕೆಯ ವಿಷಯದಲ್ಲಿ ಇಷ್ಟೂ ಅನುಮಾನ ಬೇಡ. 2016ರ ಬೇಸಿಗೆಯಲ್ಲಿ ಬಾಸ್ಟನ್ ನಗರದಲ್ಲಿ ಬಿಸಿಗಾಳಿ ಬೀಸಿದ ದಿನಗಳಲ್ಲಿ ಹಾಸ್ಟೆಲಿನ 44 ಆರೋಗ್ಯವಂತ ವಿದ್ಯಾರ್ಥಿಗಳನ್ನು ಪ್ರತಿದಿನ ಬೆಳಗ್ಗೆ ಎದ್ದ ಕೂಡಲೇ ಪರೀಕ್ಷಿಸಿದರು. ಕೆಲವರ ಕಟ್ಟಡಕ್ಕೆ ಹವಾನಿಯಂತ್ರಣ ಇತ್ತು, ಕೆಲವರದಕ್ಕೆ ಇರಲಿಲ್ಲ. ಸೆಕೆಯಲ್ಲಿ ಮಲಗಿ ಎದ್ದವರು ಉತ್ತರಿಸಲು ಸುಮಾರು ಶೇಕಡ 13ರಷ್ಟು ಹೆಚ್ಚು ಹೊತ್ತು ತೆಗೆದುಕೊಂಡರು; ಸರಳ ಕೂಡುವ ಕಳೆಯುವ ಲೆಕ್ಕದಲ್ಲೂ ಅಷ್ಟೇ ಹಿಂದೆ ಬಿದ್ದರು. ಈಗ ನಮ್ಮ ಕಲಬುರಗಿ, ರಾಯಚೂರು, ಬಳ್ಳಾರಿಯ ಹಾಸ್ಟೆಲುಗಳನ್ನು ನೆನೆಯಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳು. ಮೇಲಿನ ಅಂತಸ್ತಿನ ಕೋಣೆಯ ತಾರಸಿ ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಅಲ್ಲಿ ಮಲಗಿ ಎದ್ದು ಪರೀಕ್ಷೆಗೆ ಹೋಗುವವನೂ, ತಂಪು ಕೋಣೆಯಲ್ಲಿ ಮಲಗಿ ಬಂದವನೂ ಒಂದೇ ಪ್ರಶ್ನೆಪತ್ರಿಕೆಗೆ ಒಂದೇ ಮೂರು ಗಂಟೆಯಲ್ಲಿ ಉತ್ತರ ಬರೆಯಬೇಕು. ಇದಕ್ಕೆ ಹವಾನಿಯಂತ್ರಣ ಯಂತ್ರವೇ ಬೇಕೆಂದಿಲ್ಲ. ತಾರಸಿಗೆ ಬಿಳಿ ಬಣ್ಣ, ಎದುರು ಬದುರು ಕಿಟಕಿ, ಪಶ್ಚಿಮದ ಗೋಡೆಗೆ ಮರದ ನೆರಳು ಇದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಹಳೆಯ ಕಾಲೇಜು ಕಟ್ಟಡಗಳ ಎತ್ತರದ ಮಾಡು, ಸುತ್ತಲಿನ ಜಗಲಿ ಬರೀ ಠೀವಿಗೆ ಮಾಡಿದ್ದಲ್ಲ.

ಬಾಗಿಲಾಚೆಯ ತರಗತಿ

ತರಗತಿಯ ಬಾಗಿಲು ದಾಟಿದ ಮೇಲೂ ಕಲಿಕೆ ನಿಲ್ಲುವುದಿಲ್ಲ. ಪಾಠ ಮುಗಿದು ಹೊರಬಂದಾಗ 'ಅದೇನೋ ಹೇಳಿದರಲ್ಲ, ನಿನಗೆ ತಿಳಿಯಿತಾ?' ಎಂದು ಶುರುವಾಗುವ ಮಾತಿಗೆ ನಿಲ್ಲಲು ಒಂದು ತಾಣ ಬೇಕು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಕಟ್ಟಡವನ್ನು ರೂಪಿಸಿದ ಬಿ.ವಿ. ದೋಶಿ ಅವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದು ಅವರು ಕಲ್ಲಿನ ಗೋಡೆಗಳ ನಡುವೆ ಅಗಲವಾದ, ಎತ್ತರವಾದ ಓಣಿಗಳನ್ನು ಹಾಯಿಸಿದರು. ಮೇಲಿನ ತೊಲೆಗಳ ಸಂದಿಯಿಂದ ಬಿಸಿಲು ನೆರಳು ಬೀಳುತ್ತದೆ, ಬಳ್ಳಿ ಇಳಿಬಿದ್ದಿದೆ, ಅಲ್ಲಲ್ಲಿ ಕೂರಲು ಮೆಟ್ಟಿಲು. ನಡೆಯುವ ದಾರಿಯೇ ಮಾತಾಡುವ ಜಾಗ. ಕಟ್ಟಡ ಕಲೆಯ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ 2018ರಲ್ಲಿ ದೋಶಿಯವರಿಗೆ ಬಂತು. ಅದನ್ನು ಪಡೆದ ಮೊದಲ ಭಾರತೀಯ ಅವರು. ಉರುಹೊಡೆಯುವ ಶಿಕ್ಷಣವನ್ನು ಗೇಲಿ ಮಾಡಿದ 2009ರ 'ತ್ರೀ ಈಡಿಯಟ್ಸ್' ಹಿಂದಿ ಚಿತ್ರದ ಕಾಲೇಜಾಗಿ ನೀವು ಕಂಡದ್ದು ಇದೇ ಓಣಿಗಳನ್ನು.

ಅಷ್ಟು ದೊಡ್ಡದೇ ಬೇಕೆಂದಿಲ್ಲ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡು ಅವರೇ ಹೆಸರಿಟ್ಟ ಮೈಸೂರಿನ ಮಾನಸಗಂಗೋತ್ರಿಗೆ ಪಕ್ಕದ ಕುಕ್ಕರಹಳ್ಳಿ ಕೆರೆ ಏರಿಯೇ ಅಂಥ ತಾಣ. ಹಳ್ಳಿಯ ಪದವಿ ಕಾಲೇಜಿಗೆ ಒಂದು ಹೊಂಗೆ ಮರ, ಅದರ ಸುತ್ತ ಒಂದು ಕಟ್ಟೆ ಸಾಕು. ಆದರೆ ಎಷ್ಟೋ ಕಡೆ ಕಟ್ಟೆಯ ಮೇಲೆ ಕೂತವರನ್ನು 'ಏನ್ರೀ ಹರಟೆ, ಹೋಗ್ರಿ ಕ್ಲಾಸಿಗೆ' ಎಂದು ಎಬ್ಬಿಸುವುದೇ ಶಿಸ್ತು ಎನಿಸಿಕೊಂಡಿದೆ.

ಸಂಜೆ ಐದರ ಬೀಗ

ಕಟ್ಟೆ ಮಾತಿಗೆ ಆಯಿತು. ಮೌನಕ್ಕೆ ಎಲ್ಲಿಗೆ ಹೋಗಬೇಕು?

ಎರಡು ಕೋಣೆಯ ಬಾಡಿಗೆ ಮನೆ, ಒಂದರಲ್ಲಿ ಟಿ.ವಿ., ಇನ್ನೊಂದರಲ್ಲಿ ಅಡುಗೆ, ಕಾಯಿಲೆಯ ಅಜ್ಜಿ, ಚಿಕ್ಕ ತಮ್ಮ. ಅಥವಾ ನಾಲ್ಕು ಮಂಚದ ಹಾಸ್ಟೆಲು ಕೋಣೆ. ಒಬ್ಬ ಓದಲು ದೀಪ ಹಚ್ಚಿದರೆ ಮೂವರಿಗೆ ನಿದ್ದೆ ಇಲ್ಲ. ಸ್ವಂತ ಕೋಣೆ, ಮೇಜು, ಕುರ್ಚಿ ಇರುವ ಮಗುವಿಗೆ ಕಾಲೇಜಿನ ವಾಚನಾಲಯ ಒಂದು ಹೆಚ್ಚಿನ ಸೌಕರ್ಯ. ಈ ಮಕ್ಕಳಿಗಾದರೋ ಜಗತ್ತಿನಲ್ಲಿ ಅವರ ಹೆಸರಿಗಿರುವ ಮೇಜು ಅದೊಂದೇ. ಅದಕ್ಕೆ ಸಂಜೆ ಐದಕ್ಕೆ ಬೀಗ ಬಿದ್ದರೆ ಅವರ ಆ ದಿನದ ಓದು ಮುಗಿಯಿತು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಮಾತ್ರ ನಾವು ಬೀಗವನ್ನು ಬಿಟ್ಟು ಮಗುವನ್ನು ದೂರುತ್ತೇವೆ.

ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಮೇಲು. ವಾಚನಾಲಯ ಎಂಟರವರೆಗೆ ತೆರೆದಿದ್ದರೂ ಊರಿಗೆ ಕೊನೆಯ ಬಸ್ಸು ಆರಕ್ಕೆ ಇದ್ದರೆ, ಗೇಟಿನವರೆಗಿನ ದಾರಿಯಲ್ಲಿ ದೀಪ ಇಲ್ಲದಿದ್ದರೆ, ಶೌಚಾಲಯಕ್ಕೆ ಬೀಗ ಹಾಕಿದ್ದರೆ, ಅದು ಅವರ ಪಾಲಿಗೆ ತೆರೆದಿಲ್ಲವೆಂದೇ ಲೆಕ್ಕ. ದಿನವಿಡೀ ನೀರು ಕುಡಿಯದೆ ಕಾಲ ತಳ್ಳುವ ಹುಡುಗಿಯರು ಎಷ್ಟು ಮಂದಿ ಎಂದು ನಿಮ್ಮ ಮಗಳನ್ನೇ ಕೇಳಿ ನೋಡಿ.

ಈ ಕೊರತೆ ಈಗ ಒಂದು ವ್ಯಾಪಾರವನ್ನೇ ಹುಟ್ಟುಹಾಕಿದೆ. ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರದಂಥ ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ತಿಂಗಳ ಬಾಡಿಗೆಗೆ ಓದುವ ಕುರ್ಚಿಗಳು ಸಿಗುತ್ತವೆ. ಪುಸ್ತಕ ಅವರದೇ, ತಲೆ ಅವರದೇ. ಹಣ ಕೊಡುವುದು ಒಂದು ಕುರ್ಚಿ, ಒಂದು ದೀಪ, ಸುತ್ತಲಿನ ಮೌನಕ್ಕೆ. ಬಾಡಿಗೆ ತೆತ್ತಾದರೂ ಕೂರಲು ಸಿದ್ಧರಿದ್ದಾರೆ ಎಂದರೆ ಜಾಗದ ಬೆಲೆ ವಿದ್ಯಾರ್ಥಿಗಳಿಗೆ ಗೊತ್ತಿದೆ ಎಂದಾಯಿತು. ಗೊತ್ತಾಗಬೇಕಾದದ್ದು ಉಳಿದವರಿಗೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ನೀವೆಲ್ಲ ಆಸ್ತಿ ತೆರಿಗೆಯ ಜೊತೆ ಶೇಕಡ 6ರ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯದಿಂದ ಹಿಡಿದು ನಿಮ್ಮ ಬಡಾವಣೆಯ ಶಾಖೆಯವರೆಗೆ ಅದು ನಮ್ಮದೇ ದುಡ್ಡಿನ ದೀಪ. ನಿಮ್ಮ ಬಡಾವಣೆಯದು ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ತಿಳಿದುಕೊಂಡಿದ್ದೀರಾ?

ಕೇಳಬೇಕಾದ ಪ್ರಶ್ನೆಗಳು

ಕಾಲೇಜುಗಳಿಗೆ ದರ್ಜೆ ಕೊಡಲು 1994ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲೇ ಕಚೇರಿ ಇರುವ 'ನ್ಯಾಕ್' ಮಂಡಳಿ ತನ್ನ ಏಳು ಮಾನದಂಡಗಳಲ್ಲಿ ಕಟ್ಟಡ ಹಾಗೂ ಕಲಿಕೆಯ ಸಂಪನ್ಮೂಲವನ್ನೂ ಒಂದಾಗಿ ಇಟ್ಟಿತು. 2017ರ ಪರಿಷ್ಕರಣೆಯಲ್ಲಿ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆಯನ್ನೂ ಸೇರಿಸಿತು. ಆ ಸಮೀಕ್ಷೆ ಹೆಚ್ಚಾಗಿ ಕೇಳಿದ್ದು ಪಾಠಪ್ರವಚನದ ಬಗ್ಗೆ. ಕುರ್ಚಿ, ಗಾಳಿ, ಬೀಗದ ಹೊತ್ತು ಇವನ್ನು ನಾವೇ ಹೋಗಿ ನೋಡಬೇಕು.

ಮೊದಲನೆಯದಾಗಿ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ; ಬೆಳಗಿನ ತಂಪಿನಲ್ಲಿ ಎಲ್ಲ ಕೋಣೆಯೂ ಚೆನ್ನ. ಕಡೆಯ ಬೆಂಚಿನಲ್ಲಿ ಕುಳಿತು ಹಲಗೆಯ ಅಕ್ಷರ ಕಾಣುತ್ತದೆಯೇ, ಫ್ಯಾನಿನ ಸದ್ದಿನ ಮೇಲೆ ಮಾತು ಕೇಳಿಸುತ್ತದೆಯೇ ನೋಡಿ. ಎರಡನೆಯದಾಗಿ, ಗ್ರಂಥಾಲಯದಲ್ಲಿ ಪುಸ್ತಕ ಎಷ್ಟು ಸಾವಿರ ಎಂದು ಕೇಳುವ ಬದಲು ಕುರ್ಚಿ ಎಷ್ಟು, ವಿದ್ಯಾರ್ಥಿಗಳು ಎಷ್ಟು, ರಾತ್ರಿ ಎಷ್ಟು ಹೊತ್ತಿನವರೆಗೆ ಎಂದು ಕೇಳಿ. ಮೂರನೆಯದಾಗಿ, ಪ್ರಯೋಗಾಲಯದಲ್ಲಿ ಒಂದು ಉಪಕರಣಕ್ಕೆ ಎಷ್ಟು ಕೈ ಎಂದು ವಿಚಾರಿಸಿ. ಐದು ಮಂದಿಗೆ ಒಂದಿದ್ದರೆ ಮಾಡುವವನು ಒಬ್ಬ, ಬರೆದುಕೊಳ್ಳುವವರು ನಾಲ್ವರು. ನಾಲ್ಕನೆಯದಾಗಿ, ಶೌಚಾಲಯವನ್ನು ಕಣ್ಣಾರೆ ನೋಡಿ. ಐದನೆಯದಾಗಿ, ಪ್ರಾಂಶುಪಾಲರಿಗಿಂತ ಮೊದಲು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಮಾತಾಡಿಸಿ: 'ಕ್ಲಾಸು ಬಿಟ್ಟ ಮೇಲೆ ಎಲ್ಲಿ ಕೂತು ಓದುತ್ತೀಯಮ್ಮ?' ಅವಳ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ.

ಈಗಾಗಲೇ ಸೇರಿಯಾಗಿದ್ದರೆ? ಆಗಲೂ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟಿ.ವಿ. ಮುಚ್ಚಿ ಒಂದು ಮೂಲೆ ಬಿಟ್ಟುಕೊಡುವುದು ತಂದೆತಾಯಿಗಳ ಕೈಯಲ್ಲೇ ಇದೆ. ಇನ್ನು ಕಾಲೇಜಿನ ಮಾತು. ಹೊಸ ಕಟ್ಟಡ ಬೇಡ, ಕೋಟಿಗಟ್ಟಲೆ ಅನುದಾನ ಬೇಡ. ಸಂಜೆ ಐದಕ್ಕೆ ಹತ್ತಾರು ಕೋಣೆಗಳು ಖಾಲಿಯಾಗುತ್ತವೆ. ಅವುಗಳಲ್ಲಿ ಎರಡನ್ನು ರಾತ್ರಿ ಎಂಟರವರೆಗೆ ತೆರೆದಿಡಲಿ, ಒಂದರಲ್ಲಿ ಮೌನ, ಇನ್ನೊಂದರಲ್ಲಿ ಚರ್ಚೆ. ನಾಲ್ಕು ಟ್ಯೂಬ್‌ಲೈಟು, ಒಬ್ಬ ಕಾವಲುಗಾರ, ಗೇಟಿನವರೆಗೆ ದೀಪ. ಪೋಷಕರ ಸಭೆಗೆ ಕರೆದಾಗ ಸುಮ್ಮನೆ ಸಹಿ ಹಾಕಿ ಬರುವ ಬದಲು ಹತ್ತು ಮಂದಿ ಸೇರಿ ಇಷ್ಟನ್ನು ಕೇಳಿ. ಕಟ್ಟಡ ಹೇಗೂ ಇದೆ. ಬೇಕಾಗಿರುವುದು ಅದರ ಬೀಗದ ಕೈ.